ಸಂಪಾಜೆಯ ಮಳೆ, ಇಚಿಲಂಪಾಡಿಯ ಹೊಳವು

ಮೂರು ಅಕ್ಷರ ಬಿಟ್ಟುಹೋದರೆ ಏನು ಗತಿ ಎಂಬ ಚಿಂತೆ ಸುರಕ್ಷಾಳ ತಲೆಯಿಂದ ಇಳಿಯಲೇ ಇಲ್ಲ. ಮಗಳು ಗಾನಶ್ರೀಗೆ ಗಂಜಿ ಉಣಿಸುವಾಗ ಅದೇ, ಒಣಗದ ಬಟ್ಟೆಯನ್ನು ಒಲೆಯ ಮೇಲಿನ ಹಗ್ಗಕ್ಕೆ ಹರವುವಾಗ ಅದೇ. ಕಂಪ್ಯೂಟರಿಗೆ ಕೊಡುವ ಆಜ್ಞೆಯಲ್ಲಿ 'ಇನ್‌ಸ್ಟಾಲ್' ಎಂಬ ಪದಕ್ಕೆ ಮೊದಲು 'ಆಲ್ಟ್' ಎಂಬ ಆ ಮೂರು ಇಂಗ್ಲಿಷ್ ಅಕ್ಷರ ಸೇರಿಸಿದರೆ ಪೈಥಾನ್ ಎಂಬುದರ ಹೊಸ ಆವೃತ್ತಿ ಹಳೆಯದರ ಪಕ್ಕದಲ್ಲಿ ತನ್ನಷ್ಟಕ್ಕೆ ಬಂದು ಕೂರುತ್ತದೆ. ಮರೆತರೆ ಹಳೆಯದರ ಹೆಸರಿನ ಮೇಲೆಯೇ ಹೋಗಿ ಕೂರುತ್ತದೆ. ಹಳೆಯದನ್ನು ನಂಬಿ ನಡೆಯುತ್ತಿದ್ದ ಕೆಲಸವೆಲ್ಲ ಅಲ್ಲಿಗೆ ನಿಂತಂತೆ. ಮತ್ತೆ ಪುತ್ತೂರು, ಸುಳ್ಯ, ಕಡಬ ಮೂರೂ ಕಡೆ ಅಡಿಕೆ ಮರ ಹತ್ತುವವರು ಸಿಗದೆ ಜನ ಅವಳ ಹೆಸರು ಹಿಡಿದು ಬೈಯಬೇಕು.

"ಆಲ್ಟ್, ಆಲ್ಟ್" ಎಂದು ಅವಳು ಬಾಯಲ್ಲೇ ಜಪಿಸುತ್ತಿದ್ದರೆ, ಅದು ಬಾಯಿ ತೆರೆಯಲು ಹೇಳುವ ಹೊಸ ಮಾತು ಎಂದುಕೊಂಡು ಗಾನಶ್ರೀ ದೊಡ್ಡದಾಗಿ ಬಾಯಿ ತೆರೆಯಿತು.

"ಒಂದು ಒಳ್ಳೇದಾಯ್ತು. ಮಂತ್ರ ಹಾಕಿದ ಮೇಲಾದ್ರೂ ಮಗು ಉಣ್ತದೆ" ಎಂದರು ಅತ್ತೆ ಪೂವಮ್ಮ.

ಹೆಸರಿಗೆ ಸುರಕ್ಷಾ, ಸ್ವಭಾವಕ್ಕೆ ಆ ಹೆಸರು ಹೊರೆ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಬಸ್ಸಿನಿಂದ ಇಳಿದು ವಾಪಸು ಬಂದವಳು. ಮಗು ಸೀನಿದರೆ ಎದೆಗೆ ಕಿವಿ ಇಟ್ಟು ಕೇಳುವವಳು. ಮೈಸೂರಿನಲ್ಲಿ ಹುಟ್ಟಿ, ಅಲ್ಲಿಯ ಕಾನ್ವೆಂಟಿನಲ್ಲಿ ಓದಿ, ಕಂಪ್ಯೂಟರ್ ಕಲಿತು, ಸಂಪಾಜೆಯ ಲತೀಶನನ್ನು ಮದುವೆಯಾಗಿ ಬಂದಳು. ಮಡಿಕೇರಿ ಘಾಟಿ ಹತ್ತುವ ಗಾಡಿಗಳಿಗೆ ಟಯರ್ ಪಂಕ್ಚರ್ ಹಾಕುವ ಅಂಗಡಿ ಲತೀಶನದು. ಮನೆ ಅಂಗಡಿಯ ಹಿಂಭಾಗಕ್ಕೇ ಅಂಟಿಕೊಂಡಿದೆ. ತಗಡಿನ ಮಾಡಿಗೆ ಮಳೆ ಬಿದ್ದರೆ ಮಾತು ಕೇಳುವುದಿಲ್ಲ. ಬಂದ ಹೊಸತರಲ್ಲಿ ಅವಳು "ನೀರಿದೆಯಾ, ಸಕ್ಕರೆ ಇದೆಯಾ" ಎಂದಾಗಲೆಲ್ಲ ಪೂವಮ್ಮ ನಗುತ್ತಿದ್ದರು. "ಇದೆ ಇದೆ ಅಂತ ಹೇಳಿದ್ರೆ ಇದ್ದದ್ದೂ ಓಡಿ ಹೋದೀತು. ಉಂಟು ಅನ್ನು, ಗಟ್ಟಿ ಉಳಿತದೆ." ಸುರಕ್ಷಾಳಿಗೆ ಆ ಪದ ನಾಲಿಗೆಯ ಮೇಲೆ ಕೂರುತ್ತಲೇ ಇರಲಿಲ್ಲ.

ಮಗು ಹುಟ್ಟಿದ ಮೇಲೆ ಮನೆಯಲ್ಲೇ ಮಾಡುವ ಕೆಲಸ ಬೇಕೆಂದು ಹುಡುಕುವಾಗ ಸಿಕ್ಕಿದ್ದು 'ತಳೆ'. ಅಡಿಕೆ ಮರ ಹತ್ತುವವರು ಪಾದಕ್ಕೆ ಸಿಕ್ಕಿಸಿಕೊಳ್ಳುವ ಬಳ್ಳಿಯ ಬಳೆಗೆ ತಳೆ ಎಂದು ಹೆಸರು. ಮರ ಹತ್ತುವವರೆಲ್ಲ ಸೇರಿ ಪುತ್ತೂರಿನಲ್ಲಿ ಒಂದು ಫೋನ್ ಲೈನು ಮಾಡಿಕೊಂಡು ಅದಕ್ಕೂ ಅದೇ ಹೆಸರಿಟ್ಟಿದ್ದರು. ತೋಟದವರು ಆ ನಂಬರಿಗೆ ಫೋನು ಮಾಡಿ ಊರಿನ ಗುಂಡಿ ಒತ್ತಿದರೆ, ಕಚೇರಿಯ ಕಪಾಟಿನಲ್ಲಿರುವ ಸರ್ವರ್ ಯಾರು ಬಿಡುವಾಗಿದ್ದಾರೆಂದು ನೋಡಿ ಅವರಿಗೆ ಕರೆ ಕೊಡುತ್ತದೆ. ಮೊದಲೆಲ್ಲ ಬೆಳಕು ಹರಿಯುವ ಮುಂಚೆ ಸ್ಕೂಟರಿನಲ್ಲಿ ಹೋಗಿ ಮರ ಹತ್ತುವವರ ಅಂಗಳದಲ್ಲಿ ಕಾದು ನಿಲ್ಲಬೇಕಿತ್ತು.

ಆ ಸರ್ವರನ್ನು ನೋಡಿಕೊಳ್ಳುವುದು ಸುರಕ್ಷಾಳ ಕೆಲಸ. ಅದರೊಳಗೆ ಮಾತಾಡುವ ಧ್ವನಿಯೂ ಅವಳದೇ. "ಕಡಬ ತಾಲೂಕಿಗಾಗಿ ದಯವಿಟ್ಟು ಒಂದನ್ನು ಒತ್ತಿರಿ."

"ನಿಮ್ಮ 'ದಯವಿಟ್ಟು' ಕೇಳಿದ್ರೆ ಒತ್ತುಲಿಕ್ಕೇ ಹೆದರಿಕೆ ಆಗ್ತದೆ ಅಕ್ಕ. ಟೀಚರು ನಿಂತ ಹಾಗೆ ಆಗ್ತದೆ" ಎಂದು ಇಚಿಲಂಪಾಡಿಯ ಚೆನ್ನಪ್ಪ ಗೇಲಿ ಮಾಡಿದ್ದ. ಆ ಕಡೆಯ ಮರ ಹತ್ತುವವರಿಗೆಲ್ಲ ಅವನೇ ಮುಂದಾಳು.

ಈಗ ಬಂದ ಸಂಕಟ ಇದು. ಮರ ಹತ್ತುವವರಿಗೆ ಕರೆ ದಾಟಿಸುವ ಕಂಪೆನಿಯವರು, ನಡುವೆ ಯಾರೂ ಕದ್ದು ಕೇಳದಂತೆ ಸರ್ವರ್ ಹಾಕುವ ಬೀಗ ಹಳೆಯದಾಯಿತು, ಈ ವಾರ ಮುಗಿದ ಮೇಲೆ ಆ ಬೀಗದ ಕರೆಗಳನ್ನು ತೆಗೆದುಕೊಳ್ಳುವುದಿಲ್ಲ ಎಂದು ಹೇಳಿಬಿಟ್ಟರು. ಹೊಸ ಬೀಗ ಬೇಕಾದರೆ ಹೊಸ ಪೈಥಾನ್ ಬೇಕು. ತಳೆಯ ಲೆಕ್ಕಾಚಾರವನ್ನೆಲ್ಲ ಬರೆದಿರುವ ಕಂಪ್ಯೂಟರ್ ಭಾಷೆ ಅದು. ಸರ್ವರಿನಲ್ಲಿದ್ದದ್ದು ಅದರ 3.6ನೆಯ ಆವೃತ್ತಿ, ಬೇಕಾದ್ದು ಆರು ಮೆಟ್ಟಿಲು ಮೇಲಿನ 3.12. ಸರ್ವರನ್ನು ನಡೆಸುವ ಹಳೆಯ ಲಿನಕ್ಸಿಗೆ ಒಗ್ಗುವ ಹೊಸದು ಸಿದ್ಧವಾಗಿ ಎಲ್ಲೂ ಸಿಗುವುದಿಲ್ಲ. ಮೂಲದ ಬರಹವನ್ನು ತಂದು ಆ ಯಂತ್ರದಲ್ಲೇ ಕಟ್ಟಬೇಕು.

"ಪೇಟೆಯಿಂದ ತಂದ್ರಾಯ್ತಪ್ಪ. ಮನೆಯಲ್ಲೇ ಯಾಕೆ ಅರೆಯುದು?" ಎಂದರು ಪೂವಮ್ಮ.

"ಪೇಟೆಯ ಹಿಟ್ಟು ಈ ಕಾವಲಿಯಲ್ಲಿ ಏಳೋದಿಲ್ಲ ಅತ್ತೆ."

ತಳೆಯನ್ನು ಮೊದಲು ಕಟ್ಟಿದ ಪ್ರಸನ್ನನನ್ನೂ ಕೇಳಿ ನೋಡಿದಳು. ಅವನು ಈಗ ಕಬಕದಲ್ಲಿ ಸಸಿಗಳ ನರ್ಸರಿ ಇಟ್ಟಿದ್ದಾನೆ. "ಅಯ್ಯೋ, ಅದೆಲ್ಲ ಮರೆತೇ ಹೋಗಿದೆ ಮಾರಾಯ್ರೆ. ಕಾಳುಮೆಣಸಿನ ಕಸಿ ಬೇಕಾದ್ರೆ ಹೇಳಿ, ಒಳ್ಳೆ ಜಾತಿದು ಉಂಟು."

ಜಡಿಮಳೆಯ ಆಟಿ ತಿಂಗಳು ಹತ್ತಿರ ಬಂದಿತ್ತು. ಎರಡನೆಯ ಸಲ ಮದ್ದು ಬಿಡುವ ಕಾಲ. ಮೈಲುತುತ್ತು, ಸುಣ್ಣ ಕಲಸಿದ ನೀಲಿ ಮದ್ದನ್ನು ಗೊನೆಗೆ ಬಿಡದಿದ್ದರೆ ಕೊಳೆರೋಗ ಹತ್ತಿ ಎಳೆಕಾಯಿ ಉದುರುತ್ತದೆ. ಆದರೆ ಮಳೆ ಸುರಿಯುವಾಗ ಬಿಟ್ಟರೆ ಮದ್ದು ತೊಳೆದು ಹೋಗುತ್ತದೆ, ಮರವೂ ಜಾರುತ್ತದೆ. ಮಳೆ ನಿಂತು ಬಾನು ತುಸು ತೆರೆದುಕೊಳ್ಳುತ್ತದಲ್ಲ, ಅದಕ್ಕೆ ಇಲ್ಲಿ ಹೊಳವು ಎನ್ನುತ್ತಾರೆ. ಆ ಹೊಳವು ಬಂದ ಗಳಿಗೆಯಲ್ಲೇ ಎಲ್ಲರಿಗೂ ಮದ್ದು ಬಿಡಬೇಕು, ಎಲ್ಲರಿಗೂ ಜನ ಬೇಕು, ಎಲ್ಲರೂ ತಳೆಗೆ ಫೋನು ಮಾಡಬೇಕು.

ಉಳಿದ ಕಡೆ ಇಂಥ ಕೆಲಸವನ್ನು ಊರು ಮಲಗಿದ ಮೇಲೆ ಮಾಡುತ್ತಾರೆ. ಇಲ್ಲಿ ಅದಾಗದು. ಊಟ ಮುಗಿಸಿ ಕೈತೊಳೆದ ಮೇಲೆಯೇ ತೋಟದವರಿಗೆ ನಾಳೆಯ ನೆನಪಾಗುವುದು. ಸುರಕ್ಷಾ ಯೋಚಿಸಿ ಯೋಚಿಸಿ ಒಂದು ಉಪಾಯ ಕಂಡುಕೊಂಡಳು. ಹಗಲು ಜೋರು ಮಳೆ ಹೊಯ್ಯುವಾಗ ಯಾರೂ ಮರ ಹತ್ತುವುದಿಲ್ಲ, ಫೋನೂ ಬರುವುದಿಲ್ಲ. ಆಗ ಕಟ್ಟುವುದು.

ಉಪಾಯ ಹೊಳೆದ ಖುಷಿಯಲ್ಲಿ ಮೊದಲ ದಿನ ಮಾಡಿನ ಮೇಲೆ ಮಳೆ ಧೋ ಎಂದದ್ದೇ ಲ್ಯಾಪ್‌ಟಾಪ್ ತೆರೆದಳು. ಸಂಪಾಜೆಯ ನೆಟ್ಟಿನ ಭರವಸೆ ಇಲ್ಲದ್ದರಿಂದ, ಇಲ್ಲಿ ಕಡಿದರೂ ಅಲ್ಲಿ ಕೆಲಸ ಮುಂದುವರಿಯುವಂತೆ 'ಸ್ಕ್ರೀನ್' ಎಂಬ ಸಲಕರಣೆಯೊಳಗೆ ಕೂತು ಶುರು ಮಾಡಿದಳು. 'ಕಾನ್ಫಿಗರ್' ಎಂದಾಗ ಯಂತ್ರ ತನ್ನ ಮನೆಯೆಲ್ಲ ತಡಕಿ ಏನುಂಟು ಏನಿಲ್ಲ ಎಂದು ನೋಡಿತು. 'ಮೇಕ್' ಎಂದಾಗ ಕಟ್ಟತೊಡಗಿತು. ಕೊನೆಗೆ 'ಆಲ್ಟ್' ಎಂದು ಗಟ್ಟಿಯಾಗಿ ಹೇಳಿಕೊಂಡೇ ಬರೆದಳು. ಹಳೆಯದು ಇದ್ದಲ್ಲೇ ಇತ್ತು, ಹೊಸದು ಪಕ್ಕದಲ್ಲಿ ಬಂದು ಕೂತಿತು. ಎದೆ ಹಗುರಾಯಿತು.

ಹಗುರಾದದ್ದು ಚಹಾ ಆರುವಷ್ಟು ಹೊತ್ತು ಮಾತ್ರ. ಹೊಸ ಪೈಥಾನಿಗೆ ಬೀಗವೇ ಇರಲಿಲ್ಲ! ಯಂತ್ರದಲ್ಲಿದ್ದ ಹಳೆಯ ಬೀಗ ಇದಕ್ಕೆ ಹೊಂದಲಿಲ್ಲವೆಂದು, ಬೀಗವಿಲ್ಲದ ಬಾಗಿಲು ಕೂರಿಸಿ ಅದು ಸುಮ್ಮನಾಗಿತ್ತು. ಯಾವ ಬೀಗಕ್ಕಾಗಿ ಇಷ್ಟು ಒದ್ದಾಡಿದಳೋ ಅದೇ ಇಲ್ಲ.

"ಎಂತಾಯ್ತು? ಮುಖ ಹೀಗೆ ಮಾಡಿದ್ದಿ" ಎಂದರು ಪೂವಮ್ಮ.

"ಮೊದಲು ಬೀಗ ಕಟ್ಟಬೇಕು ಅತ್ತೆ. ಆಮೇಲೆ ಬಾಗಿಲನ್ನು ಇನ್ನೊಮ್ಮೆ ಕಟ್ಟಬೇಕು."

"ಕಟ್ಟು. ಎಲ್ಲಾ ಕಟ್ಟಿ ಆದ ಮೇಲೆ ನಮ್ಮ ಹಿತ್ತಲಿನ ಮರವನ್ನೂ ನೆನಪು ಮಾಡಿಕೋ. ಲೋಕಕ್ಕೆಲ್ಲ ಜನ ಕಳಿಸುದು ಇವಳು, ನಮ್ಮ ಮರಕ್ಕೆ ಮಾತ್ರ ಜನ ಇಲ್ಲ."

ಈ ಮಾತು ಮಳೆಗಾಲ ಶುರುವಾದಂದಿನಿಂದ ಇತ್ತು. ಅಂಗಡಿಯ ಹಿಂದೆ ಅತ್ತೆಯೇ ನೆಟ್ಟ ಒಂದಿಷ್ಟು ಅಡಿಕೆ ಮರ. ಮೊದಲ ಮದ್ದನ್ನು ಲತೀಶ ಹೇಗೋ ಏಣಿ ಇಟ್ಟು ಅರೆಬರೆ ಬಿಟ್ಟಿದ್ದ. ಸುರಕ್ಷಾ ತಳೆಗೆ ಒಂದು ಫೋನು ಮಾಡಿದ್ದರೆ ಆಗುತ್ತಿತ್ತು. ಆದರೆ ನೋಡಿಕೊಳ್ಳುವವಳೇ ಬುಕ್ ಮಾಡಿದರೆ ತನ್ನ ಮನೆಯನ್ನು ಮುಂದೆ ಹಾಕಿಕೊಂಡಳು ಎಂದಾರು ಎಂಬ ಅಂಜಿಕೆ. ಸರದಿ ಹಾಕುವುದು ಯಂತ್ರ, ಅವಳಲ್ಲ. ಅದು ಗೊತ್ತಿದ್ದೂ ಅಂಜಿಕೆ. ನಂಬರು ಒತ್ತಿ, ತನ್ನದೇ ಧ್ವನಿ ಕೇಳುವ ಮೊದಲೇ ಕಡಿದದ್ದೂ ಉಂಟು.

ಮರುದಿನ ಮತ್ತೆ ಮಾಡು ಗುಡುಗಿತು. ಘಾಟಿಯ ಕಡೆಯಿಂದ ಬಂದ ಲಾರಿಗಳೆಲ್ಲ ದೀಪ ಹಾಕಿಕೊಂಡೇ ಇಳಿಯುತ್ತಿದ್ದವು. ಇಂಥ ಮಳೆಗೆ ಯಾರು ಮರ ಹತ್ತುತ್ತಾರೆ? ಬೀಗ ಕಟ್ಟಿ ಮುಗಿಸಿದಳು. ಅದನ್ನು ಹೊಸ ಬಾಗಿಲಿಗೆ ತೋರಿಸಿಕೊಟ್ಟು, ಯಂತ್ರಕ್ಕಿದ್ದ ಶಕ್ತಿಯನ್ನೆಲ್ಲ ಸುರಿದು ಬೇಗ ಮುಗಿಸೆಂದು 'ಮೇಕ್' ಕೊಟ್ಟಳು. ಪರದೆಯ ಮೇಲೆ ಸಾಲುಗಳು ಮಳೆಯಂತೆಯೇ ಸುರಿದವು.

ಆಗ ಫೋನು ಬಂತು. ಪುತ್ತೂರಿನ ಕಚೇರಿಯಲ್ಲಿ ಕೂರುವ ಮುರಳಿಕೃಷ್ಣ.

"ಮೇಡಂ, ಎಂತ ಮಾಡಿದ್ರಿ ಮಾರಾಯ್ರೆ? ಲೈನು ಸತ್ತು ಮಲಗಿದೆ. ಜನ ಸೀದಾ ನನ್ನ ಮೊಬೈಲಿಗೆ ಬೈತಾ ಇದ್ದಾರೆ."

"ಈ ಮಳೆಯಲ್ಲಿ ಯಾರು ಸಾರ್ ಫೋನ್ ಮಾಡೋದು?"

"ಯಾವ ಮಳೆ? ಇಲ್ಲಿ ಬಿಸಿಲು ಬಂದಿದೆ!"

ಅವಳು ಮುರಳಿಕೃಷ್ಣನನ್ನು ಲೈನಿನಲ್ಲೇ ಕಾಯಲು ಹೇಳಿದಳು. ಅಷ್ಟರಲ್ಲಿ ಚೆನ್ನಪ್ಪನ ಕರೆ. ಗಾಳಿಗೆ ಎಲೆ ಅಲ್ಲಾಡುವ ಸದ್ದು. ಮರದ ಮೇಲಿಂದಲೇ ಮಾತಾಡುತ್ತಿರಬೇಕು.

"ಅಕ್ಕ, ಇಚಿಲಂಪಾಡಿಯಲ್ಲಿ ಒಳ್ಳೆ ಹೊಳವು. ಈ ತೋಟ ಈಗ ಮುಗಿತದೆ. ಮುಂದೆ ಎಲ್ಲಿಗೆ ಹೋಗುದು ಅಂತ ನಿಮ್ಮ ಸರ್ವರು ಬಾಯಿ ಬಿಡುದಿಲ್ಲ. ನಿದ್ರೆ ಮಾಡ್ತದಾ?"

"ಇಲ್ಲಿ ಮಳೆ ಚೆನ್ನಪ್ಪಣ್ಣ, ಅದಕ್ಕೇ ನಾನು…"

ಆ ಕಡೆಯಿಂದ ನಗು. "ಸಂಪಾಜೆಯ ಮಳೆ ನೋಡಿ ಇಚಿಲಂಪಾಡಿಯವರಿಗೆ ರಜೆ ಕೊಟ್ರಾ? ನಿಮ್ಮದು ಘಾಟಿಯ ಬುಡ. ಅಲ್ಲಿ ಮಳೆ ನಿಲ್ಲುದು ಯಾವಾಗ?"

ಮೈಸೂರಿನಲ್ಲಿ ಮಳೆ ಬಂದರೆ ಶಾಲೆಗೂ ಬರುತ್ತಿತ್ತು, ಮನೆಗೂ ಬರುತ್ತಿತ್ತು. ಇಲ್ಲಿ ಒಂದೊಂದು ಗುಡ್ಡಕ್ಕೆ ಒಂದೊಂದು ಮಳೆ. ಇಷ್ಟು ವರ್ಷ ಇಲ್ಲಿ ಬಾಳಿಯೂ ಅವಳು ತನ್ನ ಮಾಡಿನ ಸದ್ದನ್ನೇ ಮೂರು ತಾಲೂಕಿನ ಮಳೆ ಎಂದುಕೊಂಡಿದ್ದಳು. ಹಳೆಯ ಯಂತ್ರದ ನೆನಪಿನ ಜಾಗವನ್ನೆಲ್ಲ ಕಟ್ಟುವ ಕೆಲಸ ನುಂಗಿಬಿಟ್ಟಿತ್ತು. ಫೋನು ಎತ್ತಲು ಅದಕ್ಕೆ ಉಸಿರೇ ಉಳಿದಿರಲಿಲ್ಲ.

ನಿಲ್ಲಿಸಬೇಕು. ಆದರೆ ಅರ್ಧ ಕಟ್ಟಿದ್ದನ್ನು ನಿಲ್ಲಿಸಿದರೆ ಹಾಳಾದೀತೇ? ಬೆರಳನ್ನು ನಿಲ್ಲಿಸುವ ಗುಂಡಿಯ ಮೇಲಿಟ್ಟಳು. ಹಾಳಾದರೆ ಹೊಸದು ತಾನೇ ಹಾಳಾಗುವುದು ಎಂದು ಕಣ್ಣು ಮುಚ್ಚಿ ಒತ್ತಿದಳು. ಸಾಲುಗಳು ನಿಂತವು. ಮುರಳಿಕೃಷ್ಣನ ದನಿ ಮರುಗಳಿಗೆಯಲ್ಲೇ ಬಂತು. "ಹಾಂ, ಬಂತು ಬಂತು, ಬೆಲ್ಲು ಆಗ್ತಾ ಉಂಟು."

ಪರದೆಯ ಇನ್ನೊಂದು ಮೂಲೆಯಲ್ಲಿ ಬರುವ ಕರೆಗಳ ಸಾಲು ಓಡತೊಡಗಿತು. ಇಚಿಲಂಪಾಡಿ. ಕಬಕ. ಮತ್ತೆ ಇಚಿಲಂಪಾಡಿ. ಕಡಬ ಪೇಟೆ. ಸಂಪಾಜೆಯ ಹೆಸರೇ ಇಲ್ಲ. ಸುರಕ್ಷಾ ಅದನ್ನೇ ನೋಡುತ್ತಾ ಕೂತಳು. ನೋಡುತ್ತಾ ನೋಡುತ್ತಾ ಅವಳಿಗೆ ನಗು ಬಂತು. ಎಲ್ಲಿ ಹೊಳವು ಎಂದು ತಿಳಿಯಲು ಮಾಡಿಗೆ ಕಿವಿ ಕೊಡಬೇಕಾಗಿಯೇ ಇರಲಿಲ್ಲ. ಎಲ್ಲಿಂದ ಕರೆ ಬರುತ್ತದೋ ಅಲ್ಲಿ ಹೊಳವು. ಎಲ್ಲಿಂದಲೂ ಬರದಿದ್ದರೆ ಊರಿಗೆಲ್ಲ ಮಳೆ. ಸರ್ವರು ತಾನೇ ಆಕಾಶ ನೋಡಿ ಬರೆಯುತ್ತಿತ್ತು, ಅವಳು ಓದಿರಲಿಲ್ಲ, ಅಷ್ಟೆ.

ಮಧ್ಯಾಹ್ನದ ಹೊತ್ತಿಗೆ ಸಾಲು ತೆಳುವಾಯಿತು. ಕಬಕ ನಿಂತಿತು. ಇಚಿಲಂಪಾಡಿ ಒಂದು ಸಲ ಬಂದು ನಿಂತಿತು. ಆಮೇಲೆ ಏನೂ ಇಲ್ಲ. ಅವಳು ಮತ್ತೆ 'ಮೇಕ್' ಎಂದಳು. ಮೊದಲಿಂದ ಶುರುವಾದರೆ ಇವತ್ತಿಗೆ ಮುಗಿಯುವುದಿಲ್ಲ ಎಂದು ಉಗುರು ಕಚ್ಚುತ್ತಿದ್ದವಳಿಗೆ ಪರದೆ ಬೇರೆಯೇ ತೋರಿಸಿತು. ಕಟ್ಟಿ ಮುಗಿದದ್ದನ್ನು ಅದು ಮುಟ್ಟಲೇ ಇಲ್ಲ. ಬಿಟ್ಟಲ್ಲಿಂದಲೇ ಎತ್ತಿಕೊಂಡಿತು.

"ಅತ್ತೆ! ಬಿಟ್ಟಲ್ಲಿಂದಲೇ ಮಾಡ್ತಾ ಇದೆ!"

"ಮತ್ತೆ? ಮದ್ದು ಬಿಡುವವರು ಮಳೆ ಬಂದ್ರೆ ಇಳಿದು ನಿಲ್ತಾರೆ. ಮಳೆ ಬಿಟ್ಟ ಮೇಲೆ ಮೊದಲ ಮರದಿಂದ ಪುನಃ ಹತ್ತುತ್ತಾರಾ?" ಪೂವಮ್ಮ ಮಗುವಿನ ಕೈಯಿಂದ ಚಪ್ಪಲಿ ಕಸಿಯುತ್ತಾ ಹೇಳಿದರು. ಅವರ ಗಮನವೆಲ್ಲ ಚಪ್ಪಲಿಯ ಮೇಲಿತ್ತು.

ಅಲ್ಲಿಂದ ಅದೊಂದು ಆಟವೇ ಆಯಿತು. ಚೆನ್ನಪ್ಪನ ಕಡೆಯವರು ಮರ ಹತ್ತಿದಾಗ ಸುರಕ್ಷಾ ಇಳಿದಳು, ಅವರು ಇಳಿದಾಗ ಸುರಕ್ಷಾ ಹತ್ತಿದಳು. ಕಡಬದ ಹೆಸರು ಮಿನುಗಿದರೆ ಕೆಲಸ ನಿಲ್ಲಿಸು, ಸಾಲು ಖಾಲಿಯಾದರೆ ಮುಂದುವರಿಸು. ನಡುವೆ ಸಂಪಾಜೆಯ ನೆಟ್ಟು ಕಡಿಯಿತು. ಮರಳಿ ಬಂದಾಗ ಸ್ಕ್ರೀನಿನೊಳಗೆ ಕೆಲಸ ಏನೂ ಆಗದವರಂತೆ ನಡೆಯುತ್ತಿತ್ತು. ಬೆಳಗಿನ ಬೈಗುಳದ ನಂತರ ಒಂದು ಕರೆಯೂ ತಪ್ಪಲಿಲ್ಲ.

"ಎಂತ ಕಟ್ಟುದು ನೀವು, ಅದರ ಹೆಸರೆಂತ?" ಎಂದು ನಡುವೆ ಒಮ್ಮೆ ಫೋನಿನಲ್ಲಿ ಚೆನ್ನಪ್ಪ ಕೇಳಿದ್ದಕ್ಕೆ "ಪೈಥಾನ್" ಎಂದಿದ್ದಳು.

"ಪೆರ್ಮರಿಯಾ! ಹೆಬ್ಬಾವು ಕಟ್ಟುದಾ ಅಕ್ಕ? ಹಾಗಾದ್ರೆ ಹಳೆ ಹೆಬ್ಬಾವನ್ನು ಎಂತ ಮಾಡಿದ್ರಿ?"

"ಅದು ಇದೆ. ಹೊಸದು ಸರಿಯಾಗಿ ಕೈಗೆ ಸಿಗುವವರೆಗೆ ಹಳೆಯದನ್ನು ಬಿಡೋದಿಲ್ಲ."

"ಹಾಂ, ಅದು ಸರಿ. ನಾವೂ ಒಂದು ಮರದಿಂದ ಇನ್ನೊಂದಕ್ಕೆ ದಾಟುದು ಹಾಗೇ. ಆ ಮರ ಕೈಗೆ ಬರುವ ಮೊದಲು ಈ ಮರ ಬಿಟ್ಟವನು ಮತ್ತೆ ಕತೆ ಹೇಳುಲಿಕ್ಕೆ ಬರುದಿಲ್ಲ" ಎಂದು ಅವನು ನಗುತ್ತಾ ಫೋನಿಟ್ಟಿದ್ದ.

ಸಂಜೆಗೆ ಮುಂಚೆ ಕಟ್ಟುವುದು ಮುಗಿಯಿತು. ಮತ್ತೆ ಆ ಸಾಲು, ಮತ್ತೆ ಆ ಮೂರು ಅಕ್ಷರ. ಈ ಸಲ ಜಪಿಸಲಿಲ್ಲ. ಬೆರಳೇ ಬರೆಯಿತು. ಹೊಸದನ್ನು ಕರೆದು ಬೀಗ ಇದೆಯೋ ಎಂದು ಕೇಳಿದಳು. ಹೊಳೆಯುವ ಹೊಸ ಬೀಗದ ಹೆಸರನ್ನು ಅದು ಪಟ್ಟನೆ ಹೇಳಿತು. ಹಳೆಯದನ್ನು ಕರೆದಳು. 3.6 ಎಂದು ಅದೂ ಓಗೊಟ್ಟಿತು. ಸುರಕ್ಷಾ ಕುರ್ಚಿಯಿಂದ ಎದ್ದು ಗಾನಶ್ರೀಯನ್ನು ಎತ್ತಿ ಸೊಂಟದಲ್ಲಿಟ್ಟುಕೊಂಡು ಅಂಗಡಿಯ ತನಕ ಓಡಿ, ಟಯರಿನ ನಡುವೆ ಕೂತಿದ್ದ ಲತೀಶನಿಗೆ "ಆಯ್ತು!" ಎಂದು ಕೂಗಿ ಹೇಳಿ ಬಂದಳು. ಅವನಿಗೆ ಏನಾಯಿತೆಂದು ಅರ್ಥವಾಗಲಿಲ್ಲ. ಆದರೂ ಸ್ಪ್ಯಾನರ್ ಎತ್ತಿ ಆಡಿಸಿದ.

ತಳೆಯ ಕೆಲಸವನ್ನು ಹೊಸದಕ್ಕೆ ದಾಟಿಸಿದಳು. ಹಳೆಯದು ಅಲ್ಲೇ ಪಕ್ಕದಲ್ಲಿ ಕಾದು ನಿಂತಿತ್ತು. ಈಗ ಉಳಿದದ್ದು ಒಂದೇ. ಯಾರಾದರೂ ನಿಜವಾಗಿ ಫೋನು ಮಾಡಬೇಕು, ಯಂತ್ರ ಎತ್ತಬೇಕು, ಹೊಸ ಬೀಗದ ದಾರಿಯಲ್ಲಿ ಮರ ಹತ್ತುವವನಿಗೆ ಗಂಟೆ ಹೊಡೆಯಬೇಕು. ಆಗ ಮಾತ್ರ ಗೆದ್ದಂತೆ.

"ನಾನು ಮಾಡಿ ನೋಡ್ಲಾ ಮೇಡಂ?" ಎಂದ ಮುರಳಿಕೃಷ್ಣ. "ಸುಮ್ಮನೆ ಒಂದು ಸುಳ್ಳು ಬುಕ್ಕಿಂಗು?"

"ಬೇಡ ಸಾರ್. ನಿಜದ್ದೇ ಒಂದು ಬಾಕಿ ಇದೆ."

ಹೊರಗೆ ಏನೋ ಬದಲಾಗಿತ್ತು. ಏನೆಂದು ಅವಳಿಗೆ ಮೊದಲು ತಿಳಿಯಲಿಲ್ಲ. ಆಮೇಲೆ ತಿಳಿಯಿತು, ಮಾಡು ಸುಮ್ಮನಾಗಿತ್ತು. ಪೂವಮ್ಮ ಹಿತ್ತಿಲ ಬಾಗಿಲಲ್ಲಿ ನಿಂತು, ಗೊನೆಗಳ ಕಡೆ ತಲೆ ಎತ್ತಿ ನೋಡುತ್ತಿದ್ದರು. ಮರಕ್ಕೆ ಜನ ಬೇಕೆಂದು ಹೇಳಿ ಹೇಳಿ ಅವರಿಗೂ ಸಾಕಾಗಿರಬೇಕು.

ಸುರಕ್ಷಾ ತಳೆಯ ನಂಬರು ಒತ್ತಿದಳು. ಮೊದಲ ರಿಂಗಿಗೇ ಎತ್ತಿತು. "ನಮಸ್ಕಾರ. ಸುಳ್ಯ ತಾಲೂಕಿಗಾಗಿ ದಯವಿಟ್ಟು…" ತನ್ನದೇ ಧ್ವನಿ ಅವಳಿಗೆ ಟೀಚರಿನದ್ದಾಗಿ ಕೇಳಿಸಲಿಲ್ಲ. ಗುಂಡಿ ಒತ್ತಿದಳು, ಊರು ಒತ್ತಿದಳು. ಯಂತ್ರ ಹುಡುಕಿತು. ಕ್ಷಣ ಕಳೆಯಿತು, ಇನ್ನೊಂದು ಕ್ಷಣ. ಗಾನಶ್ರೀ ಅವಳ ಸೆರಗು ಜಗ್ಗುತ್ತಾ ಬಾಯಿ ತೆರೆದು "ಆಲ್ಟ್" ಎಂದಿತು. ಆ ಕಡೆ ಗಂಟೆ ಹೊಡೆಯತೊಡಗಿತು.

"ಹಲೋ, ಚೆನ್ನಪ್ಪ ಮಾತಾಡುದು. ಯಾವ ಊರು?"

"ಸಂಪಾಜೆ. ಸ್ವಲ್ಪವೇ ಮರ, ಟಯರ್ ಅಂಗಡಿಯ ಹಿಂದೆ."

"ಅಯ್ಯೋ, ಅಕ್ಕನಾ!" ಚೆನ್ನಪ್ಪನ ನಗು ಹಿತ್ತಿಲ ಬಾಗಿಲಿನ ತನಕ ಕೇಳಿಸಿತು. "ಅಂತೂ ನಿಮ್ಮ ಫೋನು ಬಂತಾ ಮಾರಾಯ್ರೆ? ಇಲ್ಲಿ ಸುರಿಲಿಕ್ಕೆ ಶುರುವಾಗಿದೆ, ನಾವು ಖಾಲಿ. ನಿಮ್ಮ ಹತ್ತಿರದ ಅರಂತೋಡಿನಲ್ಲೇ ನನ್ನ ತಂಗಿಯ ಮನೆ. ಇವತ್ತೇ ಬಂದು ಅಲ್ಲಿ ಉಳಿದು, ಬೆಳಿಗ್ಗೆ ನಿಮ್ಮ ಮರ ಹತ್ತುದು. ಮದ್ದು ಕಲಸಿ ಇಡಿ. ಅಲ್ಲಿ ಆಕಾಶ ಹೇಗೆ?"

ಸುರಕ್ಷಾ ಫೋನನ್ನು ಕಿವಿಗೆ ಹಿಡಿದುಕೊಂಡೇ ಹೊಸ್ತಿಲು ದಾಟಿ ಅಂಗಳಕ್ಕಿಳಿದು, ಅತ್ತೆಯ ಪಕ್ಕ ನಿಂತು, ತಲೆ ಎತ್ತಿ ಚೆನ್ನಾಗಿ ನೋಡಿದಳು.

"ಹೊಳವು ಉಂಟು ಚೆನ್ನಪ್ಪಣ್ಣ" ಎಂದಳು. "ಬನ್ನಿ."